ಉಪನ್ಯಾಸಕ್ಕೊಂದು ಸಭಾಂಗಣ ಏಕೆ ಬೇಕು?

ಬಸವೇಶ್ವರನಗರದ ಓದುಗರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ನಗರದ ಹಳೆಯ ಸಭಾಂಗಣವೊಂದಕ್ಕೆ ಉಪನ್ಯಾಸ ಕೇಳಲು ಹೋದಾಗ ಅಲ್ಲಿ ಅವರಿಗೆ ಕಂಡದ್ದು ಬೆರಳೆಣಿಕೆಯ ಜನ, ಅದರಲ್ಲೂ ಹೆಚ್ಚಿನವರು ನಿವೃತ್ತರು. ‘ಭಾಷಣಗಳೆಲ್ಲ ಯೂಟ್ಯೂಬ್‌ನಲ್ಲಿ ಸಿಗುವಾಗ ಕೋಟಿಗಟ್ಟಲೆ ಬೆಲೆಬಾಳುವ ಜಾಗದಲ್ಲಿ ಈ ಸಭಾಂಗಣಗಳು ಏಕಿರಬೇಕು? ಮಿಥಿಕ್ ಸೊಸೈಟಿಯಂತಹ ಸಂಸ್ಥೆಗಳು ಸಂಶೋಧನೆ, ಪ್ರಕಟಣೆಗಳನ್ನಷ್ಟೇ ನೋಡಿಕೊಂಡು ಸಭಾಂಗಣವನ್ನು ಬಾಡಿಗೆಗೆ ಬಿಟ್ಟರೆ ನಾಲ್ಕು ಕಾಸಾದರೂ ಹುಟ್ಟುವುದಿಲ್ಲವೇ?’ ಎಂದು ಕೇಳಿದ್ದಾರೆ.

ಮಾನ್ಯರೇ, ಸಂಜೆಯ ವಾಹನದಟ್ಟಣೆಯನ್ನು ದಾಟಿಕೊಂಡು ಉಪನ್ಯಾಸಕ್ಕೆ ಹೋದವರು ನೀವು. ಆ ಆಸಕ್ತಿಯೇ ನಿಮ್ಮ ಪ್ರಶ್ನೆಗೆ ವಿವರವಾಗಿ ಉತ್ತರಿಸುವಂತೆ ಮಾಡಿದೆ. ಧ್ವನಿಮುದ್ರಣದ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಬೀದರಿನ ವಿದ್ಯಾರ್ಥಿಯೂ ಮನೆಬಿಟ್ಟು ಹೊರಡಲಾಗದ ಹಿರಿಯರೂ ಬೆಂಗಳೂರಿನ ವಿದ್ವಾಂಸರ ಮಾತನ್ನು ಕೇಳುವಂತಾದದ್ದು ಸಂತೋಷದ ಸಂಗತಿ. ಆದರೆ ಸಭಾಂಗಣವನ್ನು ವಿದ್ವತ್ ಸಂಸ್ಥೆಯ ಸ್ಥಿರಾಸ್ತಿಗಳಲ್ಲಿ ಒಂದು ಎಂದಷ್ಟೇ ನೀವು ಎಣಿಸಿದ್ದೀರಿ. ನಾನು ಅದನ್ನು ಒಪ್ಪಲಾರೆ.

ಮಿಥಿಕ್ ಸೊಸೈಟಿಯನ್ನು ನೀವೇ ಹೆಸರಿಸಿದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ. ನಾಡಿನ ಇತಿಹಾಸ, ಸಂಸ್ಕೃತಿಗಳ ಅಧ್ಯಯನಕ್ಕೆಂದು ಬೆಂಗಳೂರಿನಲ್ಲಿ ಅದು ಹುಟ್ಟಿದ್ದು 1909ರಲ್ಲಿ. ದಂಡು ಪ್ರದೇಶದ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸ್ ಅದರ ಸ್ಥಾಪನೆಯಲ್ಲಿ ಮುಂದಾಳಾಗಿದ್ದರು. ಫ್ರೆಂಚ್ ಪಾದ್ರಿ ಫಾದರ್ ತಬಾರ್ ಬಹುಕಾಲ ಅದರ ಅಧ್ಯಕ್ಷತೆ ವಹಿಸಿದ್ದರು. ತ್ರೈಮಾಸಿಕ ಪತ್ರಿಕೆ ಆ ವರ್ಷವೇ ಆರಂಭವಾಯಿತು. ನೀವು ಹೇಳುವ ಸಂಶೋಧನೆಯೂ ಪ್ರಕಟಣೆಯೂ ಆಗಲೇ ಇದ್ದವು, ಇಲ್ಲದೆ ಇದ್ದದ್ದು ಸ್ವಂತದ ಸೂರು. ಕೇವಲ ಪ್ರಬಂಧಗಳನ್ನು ಅಚ್ಚು ಹಾಕಿ ಸದಸ್ಯರಿಗೆ ಅಂಚೆಯಲ್ಲಿ ಕಳಿಸುವುದೇ ಸಾಕೆಂದು ಆ ಹಿರಿಯರು ಭಾವಿಸಿದ್ದರೆ ಇಂದಿನ ನೃಪತುಂಗ ರಸ್ತೆಯಲ್ಲಿ ಡೇಲಿ ಸ್ಮಾರಕ ಭವನ ಏಳುತ್ತಲೇ ಇರಲಿಲ್ಲ. 1916ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅದಕ್ಕೆ ಶಂಕುಸ್ಥಾಪನೆ ಮಾಡಿದರು, ಮರುವರ್ಷ ಭವನ ತೆರೆಯಿತು. ಅದಕ್ಕೆ ಇಟ್ಟದ್ದು ಮೈಸೂರಿನಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಸರ್ ಹ್ಯೂ ಡೇಲಿಯ ಹೆಸರನ್ನು, ನಿಜ. ಅಂದಿನ ಆಳ್ವಿಕೆಯ ಗುರುತು ಅದರ ಮೇಲಿದೆ. ಆದರೆ ಅಧಿಕಾರಿಗಳ, ಪಾದ್ರಿಗಳ ವಲಯದಲ್ಲಿ ಮೊದಲಾದ ವಿದ್ಯಾಭ್ಯಾಸವೊಂದು ಊರಿನವರದೂ ಆಗಬೇಕಾದರೆ ಊರಿನವರು ಬಂದು ಕೂರುವ ಜಾಗವೊಂದು ಬೇಕಿತ್ತು. ಪತ್ರಿಕೆಯಿಂದ ಆಗದ ಆ ಕೆಲಸವನ್ನು ಸಭಾಂಗಣ ಮಾಡಿತು.

ಈ ತಿಳಿವಳಿಕೆ ಅವರೊಬ್ಬರದೇ ಆಗಿರಲಿಲ್ಲ. 1915ರಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತಿಗೆ ಚಾಮರಾಜಪೇಟೆಯಲ್ಲಿ ಕೃಷ್ಣರಾಜ ಪರಿಷನ್ಮಂದಿರವಾಯಿತು. 1945ರಲ್ಲಿ, ಒಂದೇ ವರ್ಷದಲ್ಲಿ, ಬಸವನಗುಡಿಯ ಸುತ್ತಮುತ್ತ ಎರಡು ಸಂಸ್ಥೆಗಳು ತಲೆಯೆತ್ತಿದವು: ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಮತ್ತು ಬಿ. ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ. ವಾಡಿಯಾ ಅವರು 1918ರಲ್ಲಿ ಮದರಾಸಿನಲ್ಲಿ ಕಾರ್ಮಿಕರ ಸಂಘವನ್ನು ಕಟ್ಟಿದವರು. ಅಂಥವರು ಇಲ್ಲಿ ಗ್ರಂಥಾಲಯವನ್ನೂ ಉಪನ್ಯಾಸ ಮಂದಿರವನ್ನೂ ಒಂದೇ ಆವರಣದಲ್ಲಿ ಇಟ್ಟರು. ಡಿವಿಜಿ ಗೋಖಲೆ ಸಂಸ್ಥೆಯಲ್ಲಿ ವಾರವಾರವೂ ಭಗವದ್ಗೀತೆಯ ಪಾಠ ಹೇಳುತ್ತಿದ್ದರು. ಆ ಪಾಠಗಳೇ ‘ಜೀವನಧರ್ಮಯೋಗ’ವಾಗಿ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವು. ಎದುರಿಗೆ ಕೂತವರ ಮುಖ ನೋಡುತ್ತ, ಅವರ ಸಂದೇಹಗಳಿಗೆ ಜಾಗ ಕೊಡುತ್ತ ಬೆಳೆದ ಪುಸ್ತಕವದು. 1970ರಲ್ಲಿ ಡಿವಿಜಿಯವರನ್ನು ಸನ್ಮಾನಿಸಿ ನಿಧಿ ಅರ್ಪಿಸಿದಾಗ ಅವರು ಅದನ್ನು ಇಡಿಯಾಗಿ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಮನೆಯಲ್ಲಿ ಅನುಕೂಲ ಹೆಚ್ಚಿದ್ದರಿಂದ ಕೊಟ್ಟದ್ದಲ್ಲ ಎಂಬುದು ಕನ್ನಡಿಗರಿಗೆಲ್ಲ ಗೊತ್ತು. ಅಂತಹ ಜಾಗಗಳ ಲೆಕ್ಕವನ್ನು ಚದರಡಿಯ ದರದಲ್ಲಿ ಹಾಕುವುದು ಸರಿಯೇ, ನೀವೇ ಹೇಳಿ.

ಇನ್ನು ಬೆರಳೆಣಿಕೆಯ ಕೇಳುಗರ ಮಾತು. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಭಾಂಗಣದಲ್ಲಿ ಬೆಂಗಳೂರಿನ ಕೆರೆಗಳನ್ನು ಕುರಿತ ಉಪನ್ಯಾಸವಿತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು ಎಲ್ಲ ಬಂತು. ಕೊನೆಯ ಸಾಲಿನಿಂದ ಬಿಳಿ ಪಂಚೆಯ ವೃದ್ಧರೊಬ್ಬರು ಎದ್ದು, ತಾವು ತಿಗಳರ ಮನೆತನದವರೆಂದೂ ತಮ್ಮ ಅಜ್ಜನ ಹೂವಿನ ತೋಟಕ್ಕೆ ಸಂಪಂಗಿ ಕೆರೆಯ ತೂಬಿನ ನೀರು ಹರಿಯುತ್ತಿತ್ತೆಂದೂ ಹೇಳಿ, ಪರದೆಯ ಮೇಲಿನ ನಕ್ಷೆಯಲ್ಲಿ ಕಾಲುವೆ ಹಾದುಹೋದ ದಿಕ್ಕು ತಪ್ಪಾಗಿದೆ ಎಂದರು. ಉಪನ್ಯಾಸಕರು ಅವರನ್ನು ವೇದಿಕೆಗೆ ಕರೆದರು. ಆ ಹಿರಿಯರು ಕೋಲಿನ ತುದಿಯಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. ತೋಟಗಳು ಯಾವ ಕ್ರಮದಲ್ಲಿದ್ದವು, ಯಾರ ಪಾಳಿ ಯಾವಾಗ ಬರುತ್ತಿತ್ತು ಎಂದು ವಿವರಿಸಿದರು. ಉಪನ್ಯಾಸಕರು ಜೇಬಿನಿಂದ ಪೆನ್ನು ತೆಗೆದು ತಮ್ಮ ಟಿಪ್ಪಣಿಯ ಹಾಳೆಯಲ್ಲಿ ಅದನ್ನೆಲ್ಲ ಬರೆದುಕೊಂಡರು. ಕಂಠೀರವ ಕ್ರೀಡಾಂಗಣದ ಪಕ್ಕದಲ್ಲಿ ಉಳಿದಿರುವ ಆ ಕೆರೆಯ ತುಣುಕಿನಲ್ಲಿ ಇಂದಿಗೂ ಕರಗದ ವಿಧಿಗಳು ನಡೆಯುತ್ತವೆ; ಅದರ ಒಳಗಿನ ಕತೆಯನ್ನು ಹೇಳಬಲ್ಲವರು ವಿಡಿಯೊದ ಕೆಳಗೆ ಟಿಪ್ಪಣಿ ಬರೆಯುವವರಲ್ಲ. ಆ ದಿನ ಅಲ್ಲಿದ್ದವರೂ ಹೆಚ್ಚು ಜನವಲ್ಲ, ಹೆಚ್ಚಿನವರು ನಿವೃತ್ತರೇ. ಬಿಡುವು ಸಿಕ್ಕಿದ ಮೇಲೆ ಕಲಿಯಲು ಬಂದವರನ್ನು ಎಣಿಕೆಯಿಂದ ಕೈಬಿಡಬೇಕೆಂದರೆ ನನಗೆ ನೋವಾಗುತ್ತದೆ.

ಯಂತ್ರಸಾಧನಗಳಿಗೂ ಸಭಾಂಗಣಕ್ಕೂ ಹಗೆತನವೇನಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಅದನ್ನು ಉಳಿಸಿಕೊಳ್ಳಲು ಮುಂದೆ ಬಂದವರು ಸಾಮಾನ್ಯ ನಾಗರಿಕರು. ಮುಂದೆ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಸವೆದು ಕಣ್ಣಿಗೆ ಕಾಣದಾದ ಅಕ್ಷರಗಳೂ ಕಂಪ್ಯೂಟರಿನ ಪರದೆಯ ಮೇಲೆ ಓದಲು ಸಿಗುತ್ತಿವೆ. ಆದರೆ ಯಾವ ಬಡಾವಣೆಯ ಯಾವ ಚರಂಡಿಯ ಪಕ್ಕದಲ್ಲಿ ಕಲ್ಲು ಬಿದ್ದಿದೆ ಎಂದು ಬಂದು ಹೇಳುವವರು ಮನುಷ್ಯರೇ, ಅವರು ಬಂದು ಹೇಳಲು ತೆರೆದ ಬಾಗಿಲೊಂದು ಇರಬೇಕು.

ನಿಮ್ಮ ಅಸಮಾಧಾನದ ನಿಜವಾದ ಕಾರಣ ಬೇರೆಯೇ ಇದೆ ಎಂದು ನನಗೆ ತೋರುತ್ತದೆ. ‘ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಉಪನ್ಯಾಸ ನಡೆದದ್ದು ಇಪ್ಪತ್ತು ನಿಮಿಷ’ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಇದು ಇಡೀ ಊರಿಗೆ ಹಿಡಿದ ಪಿಡುಗು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ವೇದಿಕೆಯಲ್ಲಿ ಕೂತ ಎಂಟು ಜನರ ‘ಎರಡು ಮಾತು’ ಎಲ್ಲ ಮುಗಿದು ವಿದ್ವಾಂಸರ ಸರದಿ ಬರುವಾಗ ‘ಸಮಯದ ಅಭಾವದಿಂದ’ ಎಂಬ ಚೀಟಿ ಅವರ ಕೈಗೆ ಬರುತ್ತದೆ. ಪ್ರಶ್ನೋತ್ತರವಂತೂ ಆಮಂತ್ರಣ ಪತ್ರಿಕೆಯಿಂದಲೇ ಕಾಣೆಯಾಗಿದೆ. ಇತ್ತ ಪತ್ರಿಕೆಗಳು ‘ನಗರದಲ್ಲಿ ಇಂದು’ ಅಂಕಣವನ್ನು ಕಿರಿದುಗೊಳಿಸಿವೆ. ವಿಶ್ವವಿದ್ಯಾಲಯಗಳ ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಹೊಸ ಟೆಕ್ ಪಾರ್ಕುಗಳಲ್ಲಿ ತಣ್ಣನೆಯ ಸಭಾಂಗಣಗಳಿವೆ, ಬೀದಿಯಲ್ಲಿ ಹೋಗುವವನಿಗೆ ಅಲ್ಲಿ ಪ್ರವೇಶವಿಲ್ಲ. ಕೋಟಿ ದಾಟಿದ ಈ ಊರಿನಲ್ಲಿ ಟಿಕೆಟ್ಟಿಲ್ಲದೆ, ಪರಿಚಯವಿಲ್ಲದೆ ಒಳಗೆ ಹೋಗಿ ಕೂತು ಶಾಸನದ ಬಗೆಗೋ ಸಂವಿಧಾನದ ಬಗೆಗೋ ಕೇಳಬಹುದಾದ ಕೊಠಡಿಗಳು ಎಷ್ಟಿವೆ? ಇರುವ ನಾಲ್ಕನ್ನೂ ಮದುವೆ ಆರತಕ್ಷತೆಗೆ, ಸೀರೆ ಮಾರಾಟದ ಮೇಳಕ್ಕೆ ಬಿಟ್ಟುಕೊಡಿ ಎನ್ನುವ ಸಲಹೆ ನಿಮ್ಮಂತಹ ಓದುಗರಿಂದ ಬರಬಾರದಿತ್ತು.

ಸಂಸ್ಥೆಗಳ ಪದಾಧಿಕಾರಿಗಳೂ ಈ ಪುಟವನ್ನು ಓದುತ್ತಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಸನ್ಮಾನಗಳನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಉಪನ್ಯಾಸಕ್ಕೆ ಪೂರ್ತಿ ಒಂದು ಗಂಟೆ, ಪ್ರಶ್ನೆಗಳಿಗೆ ಅರ್ಧ ಗಂಟೆ ಬಿಡಿ, ಧ್ವನಿಮುದ್ರಣವನ್ನು ಪ್ರಶ್ನೋತ್ತರದ ಸಮೇತ ಅಂತರ್ಜಾಲದಲ್ಲಿ ಹಾಕಿ. ಹತ್ತಿರದ ಪ್ರೌಢಶಾಲೆಗೊಂದು ಆಮಂತ್ರಣ ಹೋಗಲಿ. ಮಾನ್ಯರೇ, ನೀವು ಮುಂದಿನ ಬಾರಿ ಹೋದಾಗ ಇಪ್ಪತ್ತು ನಿಮಿಷದ ಉಪನ್ಯಾಸಕ್ಕಾಗಿ ಕಾರ್ಯದರ್ಶಿಗಳ ಬಳಿಯೇ ಆಕ್ಷೇಪಣೆ ಸಲ್ಲಿಸಿ, ಮನೆಯಲ್ಲಿರುವ ಕಾಲೇಜು ಓದುವ ಮಗಳನ್ನೂ ಜೊತೆಗೆ ಕರೆದೊಯ್ಯಿರಿ. ಆಕೆಗೆ ಇತಿಹಾಸದಲ್ಲಿ ಆಸಕ್ತಿಯಿದೆ ಎಂದು ನಿಮ್ಮ ಪತ್ರದಲ್ಲೇ ಬರೆದಿದ್ದೀರಿ.

– ಸಂಪಾದಕ