ಸೋಲುವ ತಂಡವನ್ನು ನೆಚ್ಚಿಕೊಂಡವರು

ಓದುಗರ ಪತ್ರ: “ನನ್ನ ಮಗ ಬಾಸ್ಟನ್ ಹತ್ತಿರದ ಊರೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬೇಸಿಗೆ ಬಂತೆಂದರೆ ದಿನವೂ ಮೂರು ಗಂಟೆ ಬೇಸ್‌ಬಾಲ್ ನೋಡುತ್ತ, ಪೆನ್ಸಿಲ್ ಹಿಡಿದು ಚೌಕಗಳಲ್ಲಿ ಏನೇನೋ ಅಂಕೆ ಬರೆದುಕೊಳ್ಳುತ್ತಾನೆ. ರೆಡ್ ಸಾಕ್ಸ್ ತಂಡ ಸೋತ ದಿನ ಅವನಿಗೆ ಅನ್ನ ಸೇರುವುದಿಲ್ಲ. ಆರ್‌ಸಿಬಿ ನಮ್ಮೂರಿನದು, ಆ ಹುಚ್ಚು ಅರ್ಥವಾಗುತ್ತದೆ. ಈ ಆಟದಿಂದ ಇವನಿಗೆ ಬರುವುದೇನು? ನಿಮ್ಮ ಪತ್ರಿಕೆಯನ್ನು ಅವನೂ ಓದುತ್ತಾನೆ, ನಾಲ್ಕು ಬುದ್ಧಿಮಾತು ಬರೆಯಿರಿ.” (ನಿವೃತ್ತ ಶಿಕ್ಷಕಿ, ಮೈಸೂರು)

ಸಂಪಾದಕರ ಉತ್ತರ: ಮೇಡಂ, ನಿಮ್ಮ ಆತಂಕದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಒಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಬಹಳ ಒಳ್ಳೆಯ ತಂಡವೂ ಅವುಗಳಲ್ಲಿ ಸಾಮಾನ್ಯವಾಗಿ ಅರವತ್ತರ ಆಸುಪಾಸು ಸೋಲುತ್ತದೆ. ಸೋತಾಗಲೆಲ್ಲ ಊಟ ಬಿಟ್ಟರೆ ಆರೋಗ್ಯ ಕೆಡುವುದು ಖಂಡಿತ, ಅದನ್ನು ನಿಮ್ಮ ಮಗನಿಗೆ ಈ ಮೂಲಕ ತಿಳಿಸಿದ್ದೇನೆ. ಮೂರು ಗಂಟೆಯ ಲೆಕ್ಕ ಮಾತ್ರ ಈಗ ಸ್ವಲ್ಪ ಹಳೆಯದು: ಪಿಚರ್ ಇಷ್ಟು ಸೆಕೆಂಡಿನೊಳಗೆ ಚೆಂಡೆಸೆಯಲೇಬೇಕೆಂಬ ನಿಯಮ 2023ರಲ್ಲಿ ಬಂದ ಮೇಲೆ ಪಂದ್ಯ ಸರಾಸರಿ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸಿಗೆ ಇಳಿದಿದೆ. ನಿಮ್ಮ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ.

ಇನ್ನು “ಬರುವುದೇನು” ಎಂಬ ಪ್ರಶ್ನೆ. ಸಂಗೀತ ಕಲಿಯುವ ಮಗುವನ್ನೂ, ಪುಸ್ತಕ ಕೊಳ್ಳುವ ಗಂಡನನ್ನೂ ಇದೇ ಪ್ರಶ್ನೆಯಿಂದ ಬಾಯಿ ಮುಚ್ಚಿಸುವುದು ನಮ್ಮ ಮಧ್ಯಮವರ್ಗದ ಹಳೆಯ ಚಾಳಿ. ಆರ್‌ಸಿಬಿ ನಮ್ಮೂರಿನದು ಎನ್ನುತ್ತೀರಿ. ಅದಕ್ಕಾಗಿ ಆಡಿದವರಲ್ಲಿ ನಮ್ಮೂರಿನವರೆಷ್ಟು ಮಂದಿ? ಆದರೂ “ಈ ಸಲ ಕಪ್ ನಮ್ದೇ” ಎನ್ನುತ್ತ 2025ರವರೆಗೆ 18 ಋತು ಕಾದವರು ನಾವು. ಬಾಸ್ಟನ್ನಿನಲ್ಲಿ ಬದುಕು ಕಟ್ಟಿಕೊಂಡವನು ಬಾಸ್ಟನ್ನಿನ ತಂಡವನ್ನು ತನ್ನದೆಂದುಕೊಂಡರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಆ ಚೌಕಗಳ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಅತಿ ಇಷ್ಟವಾದ ಸಾಲು ಅದೇ. ಮೈದಾನದ ಪ್ರತಿಯೊಂದು ಸ್ಥಾನಕ್ಕೂ ಒಂದು ಅಂಕೆಯಿದೆ. ನಿಮ್ಮ ಮಗ 6-4-3 ಎಂದು ಬರೆದಿದ್ದರೆ, ಎರಡನೆಯ ಮತ್ತು ಮೂರನೆಯ ಬೇಸ್‌ಗಳ (ಓಟಗಾರ ಮುಟ್ಟಬೇಕಾದ ನೆಲೆಗಳು) ನಡುವೆ ನಿಂತವನು ಚೆಂಡು ಹಿಡಿದು ಎರಡನೆಯ ಬೇಸ್‌ನವನಿಗೆ ಎಸೆದ, ಅವನು ಅಲ್ಲಿಂದ ಮೊದಲನೆಯ ಬೇಸ್‌ಗೆ ಕಳಿಸಿದ, ಕಣ್ಣು ಮಿಟುಕಿಸುವುದರೊಳಗೆ ಇಬ್ಬರು ಔಟಾದರು ಎಂದರ್ಥ. ಮೂರು ಸ್ಟ್ರೈಕ್‌ಗೆ, ಅಂದರೆ ಮೂರು ಸಲ ಚೆಂಡನ್ನು ಸರಿಯಾಗಿ ಹೊಡೆಯಲಾಗದೆ, ಔಟಾದವನ ಚೌಕದಲ್ಲಿ ಇಂಗ್ಲಿಷಿನ ಕೆ ಅಕ್ಷರ ಬೀಳುತ್ತದೆ. ಕೊನೆಯ ಚೆಂಡಿಗೆ ಬ್ಯಾಟ್ ಬೀಸದೆ ಸುಮ್ಮನೆ ನಿಂತು ಔಟಾದವನಿಗೆ ಅದೇ ಕೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಇಷ್ಟು ಶ್ರದ್ಧೆಯಿಂದ ನೋಟ್ಸ್ ಬರೆಯುವ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದಿದ್ದರೆ ನೀವು ಮೆಚ್ಚದೆ ಇರುತ್ತಿದ್ದಿರೇ?

ರೆಡ್ ಸಾಕ್ಸ್ ಕಥೆಯನ್ನು ನಿಮ್ಮ ಮಗ ಹೇಳಿರಬಹುದು, ನೀವು ಒಗ್ಗರಣೆಯ ಸದ್ದಿನಲ್ಲಿ ಕೇಳಿಸಿಕೊಂಡಿರಲಿಕ್ಕಿಲ್ಲ. 1918ರಲ್ಲಿ ಗೆದ್ದ ತಂಡ ಮರುವರ್ಷದ ಕೊನೆಗೆ ಬೇಬ್ ರೂತ್ ಎಂಬ ಅಸಾಮಾನ್ಯ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. 1918ರ ಆ ಗೆಲುವಿನ ಬಳಿಕ 86 ವರ್ಷ ಪಟ್ಟವಿಲ್ಲ. 1946, 1967, 1975, 1986, ಈ ನಾಲ್ಕೂ ಸಲ ಅಂತಿಮ ಸರಣಿಯ ಏಳನೆಯ ಪಂದ್ಯದವರೆಗೆ ಹೋಗಿ ಸೋತಿತು. 2004ರ ಅಕ್ಟೋಬರ್‌ನಲ್ಲಿ, ಅಂತಿಮ ಸರಣಿಗೆ ಮುಂಚಿನ ಸರಣಿಯಲ್ಲಿ, ಅದೇ ಯಾಂಕೀಸ್ ಎದುರು ಮೊದಲ ಮೂರು ಪಂದ್ಯಗಳನ್ನು ಕಳೆದುಕೊಂಡು, ನಾಲ್ಕನೆಯದರ ಕೊನೆಯ ಇನಿಂಗ್ಸ್‌ನಲ್ಲೂ ಒಂದು ರನ್ ಹಿಂದಿತ್ತು. ಆಗ ಬದಲಿ ಓಟಗಾರನಾಗಿ ಬಂದ ಡೇವ್ ರಾಬರ್ಟ್ಸ್, ಓಡಿಯೇ ಓಡುತ್ತಾನೆಂದು ಇಡೀ ಮೈದಾನಕ್ಕೆ ಗೊತ್ತಿದ್ದರೂ, ಪಿಚರ್ ಚೆಂಡೆಸೆಯುವಷ್ಟರಲ್ಲಿ ಓಡಿ ಎರಡನೆಯ ಬೇಸ್ ಕದ್ದ. ಅಲ್ಲಿಂದ ತಿರುಗಿದ ಸರಣಿಯಲ್ಲಿ ರೆಡ್ ಸಾಕ್ಸ್ ಸತತ ನಾಲ್ಕು ಪಂದ್ಯ ಗೆದ್ದಿತು. ಮೊದಲ ಮೂರೂ ಪಂದ್ಯ ಸೋತ ಮೇಲೆ ಏಳು ಪಂದ್ಯಗಳ ಸರಣಿ ಗೆದ್ದ ತಂಡ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅದಕ್ಕೆ ಮುಂಚೆ ಒಂದೂ ಇರಲಿಲ್ಲ. ಬಳಿಕ ಸೇಂಟ್ ಲೂಯಿಸ್ ತಂಡವನ್ನು 4-0ಯಿಂದ ಸೋಲಿಸಿ ಪಟ್ಟವನ್ನೂ ಪಡೆಯಿತು.

ಗೆದ್ದ ಮೇಲೆ ಜನ ಏನು ಮಾಡಿದರೆಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಎಷ್ಟೋ ಮಂದಿ ಸ್ಮಶಾನಕ್ಕೆ ಹೋಗಿ, ಈ ದಿನವನ್ನು ಕಾಣದೆ ತೀರಿಹೋದ ತಂದೆಯ, ಅಜ್ಜಿಯ ಸಮಾಧಿಯ ಮೇಲೆ ತಂಡದ ಟೋಪಿ, ಬಾವುಟಗಳನ್ನಿಟ್ಟು ಬಂದರು. 108 ವರ್ಷದ ಬರಗಾಲ ಮುಗಿಸಿ 2016ರಲ್ಲಿ ಗೆದ್ದ ಷಿಕಾಗೊ ಕಬ್ಸ್ ಅಭಿಮಾನಿಗಳು ರಿಗ್ಲಿ ಫೀಲ್ಡ್ ಮೈದಾನದ ಹೊರಗೋಡೆಯ ಇಟ್ಟಿಗೆಗಳ ಮೇಲೆ ತಮ್ಮ ಹಿರಿಯರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದರು. ಮನೆಯೊಳಗೆ ತಲೆಮಾರಿನಿಂದ ತಲೆಮಾರಿಗೆ ಬಂದ ಪ್ರೀತಿಯಲ್ಲದೆ ಬೇರೇನು ಮನುಷ್ಯನನ್ನು ಹೀಗೆ ಮಾಡಿಸೀತು? ಪ್ರತಿವರ್ಷ ಗೆಲ್ಲುವ ತಂಡದ ಬೆನ್ನುಹತ್ತಿದವನಿಗೆ ಸಿಹಿ ಹಂಚುವ ಸುಖವಷ್ಟೇ ಗೊತ್ತು. ಇದರ ಹತ್ತಿರಕ್ಕೂ ಅವನು ಬರಲಾರ.

ಬಾಸ್ಟನ್ನಿನ ಫೆನ್‌ವೇ ಪಾರ್ಕಿಗೆ, 1912ರಲ್ಲಿ ತೆರೆದ ಆ ಇಕ್ಕಟ್ಟಾದ ಮೈದಾನಕ್ಕೆ, ಗೆಳೆಯರೊಬ್ಬರು ನನ್ನನ್ನೂ ಕರೆದೊಯ್ದಿದ್ದರು. ಎಡಗಡೆಯ 37 ಅಡಿ ಎತ್ತರದ ಹಸಿರು ಗೋಡೆಯ ಬುಡದಲ್ಲಿ ಇಂದಿಗೂ ಮನುಷ್ಯರೇ ಒಳಗೆ ಕುಳಿತು ಸ್ಕೋರಿನ ಫಲಕ ಬದಲಿಸುತ್ತಾರೆ. ಪಕ್ಕದ ಸೀಟಿನ ವೃದ್ಧೆ ನನ್ನ ಪೆದ್ದು ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತ, ತಮ್ಮ ಕಡಲೆಕಾಯಿಯ ಪೊಟ್ಟಣವನ್ನು ಸಹಜವಾಗಿ ನನ್ನ ಕಡೆಗೂ ಹಿಡಿಯುತ್ತಿದ್ದರು. ಪರದೇಶದಲ್ಲಿ ಅಪರಿಚಿತರು ವೀಸಾ, ಹವಾಮಾನಗಳನ್ನು ಬಿಟ್ಟು ಬೇರೊಂದು ವಿಷಯವನ್ನು ನನ್ನೊಂದಿಗೆ ಮಾತಾಡಿದ್ದು ಆಗಲೇ. ಮರ್ರೆ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇನಿಯಲ್ ವಾನ್ ಬಹಳ ಕಾಲದಿಂದ ಅಭಿಮಾನಿಗಳನ್ನು ಅಧ್ಯಯನ ಮಾಡಿದವರು. ತಾವಿರುವ ಊರಿನ ತಂಡವನ್ನು ಗಾಢವಾಗಿ ಹಚ್ಚಿಕೊಂಡವರಲ್ಲಿ ಒಂಟಿತನ ಕಡಿಮೆಯಿರುವುದನ್ನು ಅವರು ಗುರುತಿಸಿದ್ದಾರೆ. ಯಾವುದರಿಂದ ಯಾವುದು ಎಂದು ವಾದಿಸಬಹುದು, ವಾದಿಸಲಿ. ವಲಸೆ ಹೋದ ಮಗನ ತಾಯಿಗೆ ಒಂಟಿತನ ಎಂಬ ಮಾತನ್ನು ನಾನು ವಿವರಿಸಬೇಕಾಗಿಲ್ಲ.

ನೀವು ಸಿಟ್ಟಾಗಲೇಬೇಕಾದ ಸಂಗತಿ ಬೇರೆಯಿದೆ. ಬಾಜಿಕೋರರೊಂದಿಗೆ ಶಾಮೀಲಾದ ಆರೋಪದ ಮೇಲೆ 1921ರಲ್ಲಿ ಎಂಟು ಆಟಗಾರರನ್ನು ಜೀವಮಾನವಿಡೀ ಹೊರಗಿಟ್ಟ ಆಟ ಇದು. ಇಂದು ಅದರ ಪ್ರಸಾರದಲ್ಲೇ ಬಾಜಿ ಕಂಪನಿಗಳ ಜಾಹೀರಾತು ರಾರಾಜಿಸುತ್ತಿವೆ. ಅಭಿಮಾನಿಯ ಎದೆಬಡಿತಕ್ಕೂ ದರ ಕಟ್ಟಲಾಗಿದೆ. ಓಕ್ಲಂಡ್ ಅಥ್ಲೆಟಿಕ್ಸ್ ತಂಡ 1968ರಿಂದ ಆ ಊರಿನಲ್ಲಿತ್ತು. ಹೊಸ ಮೈದಾನದ ಜಗಳದಲ್ಲಿ ಮಾಲೀಕರು ಅದನ್ನು ಲಾಸ್ ವೇಗಸ್‌ಗೆ ಸಾಗಿಸಲು ನಿರ್ಧರಿಸಿದಾಗ ಜನ ತಂಡವನ್ನು ಮಾರಿಬಿಡಿ ಎಂದು ಮೈದಾನದಲ್ಲಿ ನೆರೆದು ಕೂಗಿದರು. 2024ರ ಸೆಪ್ಟೆಂಬರ್ 26ರಂದು ಕೊನೆಯ ತವರು ಪಂದ್ಯಕ್ಕೆ 46 ಸಾವಿರಕ್ಕೂ ಹೆಚ್ಚು ಜನ ಬಂದರು, ತಂಡ ಗೆದ್ದಿತು, ಆದರೂ ಹೊರಟುಹೋಯಿತು. ವೇಗಸ್‌ನ ಮೈದಾನ ಸಿದ್ಧವಾಗುವ ತನಕವೆಂದು 2025ರಿಂದ ಸ್ಯಾಕ್ರಮೆಂಟೊ ಬಳಿ ಆಡತೊಡಗಿದ ಅದರ ಹೆಸರಿನ ಮುಂದೆ ಯಾವ ಊರೂ ಇಲ್ಲ. ಮಗನ ಮೇಲಿರುವ ನಿಮ್ಮ ಕೋಪದ ಅರ್ಧಪಾಲನ್ನಾದರೂ ಇಂಥ ಮಾಲೀಕರ ಕಡೆ ತಿರುಗಿಸಿ ಇನ್ನೊಂದು ಪತ್ರ ಬರೆಯಿರಿ, ಒಂದು ಅಕ್ಷರವನ್ನೂ ಕತ್ತರಿಸದೆ ಅಚ್ಚು ಹಾಕುತ್ತೇನೆ.