ನಿಮ್ಮ ಗಿಟಾರ್ ಪ್ರಶ್ನೆಗಳು: ದೊಡ್ಡ ಕೈಗೆ ಎಂಥಾ ನೆಕ್?

ಪ್ರಶ್ನೆ: ನನ್ನ ಕೈ ದೊಡ್ಡದು. ಬೆರಳು ಉದ್ದವೂ ಹೌದು, ದಪ್ಪವೂ ಹೌದು. ಎರಡು ವರ್ಷದಿಂದ ತೆಳು ನೆಕ್ಕಿನ (ಎಡಗೈ ಹಿಡಿಯುವ ಉದ್ದ ಕತ್ತಿನ) ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದೇನೆ. ಅರ್ಧ ಗಂಟೆಯಾದರೆ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ಓಪನ್ ಎ ಕಾರ್ಡ್ (ಪಕ್ಕಪಕ್ಕದ ಮೂರು ತಂತಿ ಒತ್ತಿ ನುಡಿಸುವ ಸ್ವರಗುಂಪು) ಹಿಡಿದರೆ ಮೂರು ಬೆರಳು ಕೂರುವುದೇ ಇಲ್ಲ, ಕೆಳಗಿನ ಸಣ್ಣ ತಂತಿ ಸತ್ತುಹೋಗುತ್ತದೆ. ಅಗಲ ನೆಕ್ ತಗೊಳ್ಳಿ ಅಂತ ಒಬ್ಬರು, ದಪ್ಪ ನೆಕ್ ತಗೊಳ್ಳಿ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಕೇಳಿ. ಆದರೆ ಒಂದೊಂದು ಮಾತು ಒಂದೊಂದು ತೊಂದರೆಗೆ. ನೀವು ಒಂದೇ ಪತ್ರದಲ್ಲಿ ಎರಡು ದೂರು ಬರೆದಿದ್ದೀರಿ. ಹೆಬ್ಬೆರಳ ನೋವು ನೆಕ್ಕಿನ ದಪ್ಪಕ್ಕೆ ಸೇರಿದ್ದು. ಬೆರಳು ಕೂರದಿರುವುದು ತಂತಿಗಳ ನಡುವಿನ ಜಾಗಕ್ಕೆ ಸೇರಿದ್ದು. "ನನ್ನ ಕೈ ದೊಡ್ಡದು" ಅಂದುಬಿಟ್ಟರೆ ಇವೆರಡೂ ಕಲಸಿಹೋಗುತ್ತವೆ.

ನನ್ನ ಗೇಣು 25 ಸೆಂ.ಮೀ. ಇದೆ. ಹಾಗಾಗಿ ಈ ಪಾಡು ನನಗೆ ಚೆನ್ನಾಗಿ ಗೊತ್ತು. ಶುರುವಿನಲ್ಲಿ ನಾನೂ ತೆಳು ನೆಕ್ಕಿನ ಗಿಟಾರನ್ನೇ ತಗೊಂಡೆ. "ಇದು ಫಾಸ್ಟ್ ನೆಕ್, ಕೈ ಜಾರಿಕೊಂಡು ಓಡುತ್ತೆ" ಅಂದರು. ಓಡಿತು, ನಿಜ. ಆದರೆ ಎರಡನೇ ಹಾಡಿಗೇ ಹೆಬ್ಬೆರಳು ಮರಗಟ್ಟುತ್ತಿತ್ತು. ನನ್ನ ಅಭ್ಯಾಸ ಸಾಲದು ಅಂದುಕೊಂಡು ಇನ್ನೂ ಜಾಸ್ತಿ ನುಡಿಸಿದೆ. ನೋವೂ ಜಾಸ್ತಿಯಾಯಿತು.

ಗುದ್ದಲಿ ಹಿಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾವು ತೀರಾ ಸಣ್ಣಗಿದ್ದರೆ ಅಂಗೈ ತುಂಬುವುದಿಲ್ಲ. ಕೈಯಲ್ಲಿ ತಿರುಗದಿರಲಿ ಅಂತ ಬಿಗಿಯಾಗಿ ಹಿಡಿಯುತ್ತೀರಿ. ಗಿಟಾರಿನಲ್ಲೂ ಅಷ್ಟೇ. ಉದ್ದ ಬೆರಳಿನವರು ತೆಳು ನೆಕ್ ಹಿಡಿದಾಗ ಅಂಗೈಯ ಗುಳಿ ಖಾಲಿ ಉಳಿಯುತ್ತದೆ. ಬೆರಳುಗಳು ಹೆಚ್ಚು ಮಡಚಬೇಕು. ಭಾರವೆಲ್ಲ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚಿವುಟಿನ ಮೇಲೆ ಬೀಳುತ್ತದೆ. ದಪ್ಪ ನೆಕ್ ಆ ಗುಳಿಯನ್ನು ತುಂಬುತ್ತದೆ, ಹೆಬ್ಬೆರಳು ಸುಮ್ನೆ ಒರಗಿಕೊಂಡಿರಬಹುದು.

ಈಗ ಅಳತೆ. ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ, ಎಣಿಕೆ ಮೇಲ್ತುದಿಯಿಂದ. ಐಬನೇಜ್ ಕಂಪನಿಯ ವಿಜಾರ್ಡ್ 3 ನೆಕ್ ಮೊದಲ ಫ್ರೆಟ್ಟಿನ ಹತ್ತಿರ 19 ಮಿ.ಮೀ., ಹನ್ನೆರಡನೆಯದರ ಹತ್ತಿರ 21 ಮಿ.ಮೀ. ದಪ್ಪ. ಇವತ್ತಿನ ಸಾಮಾನ್ಯ ಸಿ ಆಕಾರದ (ಅಡ್ಡ ಕೊಯ್ದರೆ ಬೆನ್ನು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಕಾಣುವ) ನೆಕ್‌ಗಳು ಮೊದಲ ಫ್ರೆಟ್ಟಿನಲ್ಲಿ 20ರಿಂದ 21ರ ಆಸುಪಾಸು. 1950ರ ದಶಕದ ಶುರುವಿನ, ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರ್‌ಗಳಲ್ಲಿ ಹತ್ತಿರ ಹತ್ತಿರ 25 ಇರುವ ನೆಕ್‌ಗಳೂ ಸಿಗುತ್ತವೆ. 19ಕ್ಕೂ 25ಕ್ಕೂ ಆರೇ ಮಿ.ಮೀ. ಅಂತರ. ಕಾಗದದ ಮೇಲೆ ಏನೂ ಅಲ್ಲ. ಕೈಗೆ ಕೊಟ್ಟು ನೋಡಿ, ಒಂದು ಆಟಿಕೆ, ಇನ್ನೊಂದು ಒನಕೆ.

ದಪ್ಪ ಒಂದೇ ಸಾಲದು, ಭುಜವನ್ನೂ ನೋಡಬೇಕು. ನೆಕ್ಕಿನ ಬೆನ್ನಿಗೂ, ಫ್ರೆಟ್ ಕೂರಿಸಿದ ಮುಂಬದಿಯ ಹಲಗೆ ಅಂದರೆ ಫ್ರೆಟ್‌ಬೋರ್ಡಿನ ಅಂಚಿಗೂ ನಡುವಿನ ತಿರುವಿಗೆ ನಾವು ಭುಜ ಅನ್ನುತ್ತೇವೆ. ಸಿ ಆಕಾರದಲ್ಲಿ ಅದು ನಯವಾಗಿ ಇಳಿಯುತ್ತದೆ. ಡಿ ಆಕಾರದಲ್ಲಿ ಬೆನ್ನು ಚಪ್ಪಟೆ, ಭುಜ ಉಬ್ಬಿರುತ್ತದೆ. ಯು ಆಕಾರದಲ್ಲಿ ಬೆನ್ನೂ ಆಳ, ಭುಜವೂ ತುಂಬು. ವಿ ಆಕಾರದಲ್ಲಿ ನಡುವೆ ಏಣು, ಭುಜವೇ ಇಲ್ಲ ಅನ್ನುವಷ್ಟು ಕಡಿಮೆ. ದಪ್ಪ ಅಳೆಯುವ ಸಾಧನ ಕ್ಯಾಲಿಪರ್ ಭುಜವನ್ನು ಅಳೆಯುವುದಿಲ್ಲ. ಅದಕ್ಕೆ ನಾನು ಒಂದು ತುಂಡು ದಾರ ಇಟ್ಟುಕೊಂಡಿರುತ್ತೇನೆ. ಮೊದಲ ಫ್ರೆಟ್ಟಿನ ಹತ್ತಿರ ಫ್ರೆಟ್‌ಬೋರ್ಡಿನ ಒಂದು ಅಂಚಿನಿಂದ ಬೆನ್ನು ಸುತ್ತಿ ಇನ್ನೊಂದು ಅಂಚಿಗೆ ದಾರ ಹಿಡಿದು, ಅದರ ಉದ್ದ ಅಳೆಯಿರಿ. ನನ್ನ ಎರಡು ಗಿಟಾರ್‌ಗಳು ಕ್ಯಾಲಿಪರಿನಲ್ಲಿ ಒಂದೇ ದಪ್ಪ, ಎರಡೂ 21. ದಾರದಲ್ಲಿ ಒಂದು 64, ಇನ್ನೊಂದು 69. ನನಗೆ ನೋವು ಕೊಡುವುದು 64ರದ್ದು.

ನಿಮ್ಮ ಕೈಗೆ 22ರಿಂದ 24 ಮಿ.ಮೀ. ದಪ್ಪದ, ತುಂಬು ಭುಜದ ನೆಕ್ ಹುಡುಕಿ ಅನ್ನುತ್ತೇನೆ. ಗಿಬ್ಸನ್ ಕಂಪನಿಯದಾದರೆ 50ರ ದಶಕದ ಮಾದರಿ ಅಂತ ಕೇಳಿ, 60ರ ದಶಕದ ತೆಳು ಮಾದರಿ ಸ್ಲಿಮ್ ಟೇಪರ್ ಬೇಡ. ನೇರವಾಗಿ 25ರ ಯು ನೆಕ್ಕಿಗೆ ಹಾರಬೇಡಿ. ಅದನ್ನು ಪ್ರೀತಿಸುವವರು ಕಡಿಮೆ, ತಗೊಂಡು ಮಾರಿದವರು ಜಾಸ್ತಿ.

ಹೆಬ್ಬೆರಳನ್ನು ಮೇಲಿಂದ ತಂದು ದಪ್ಪ ತಂತಿ ಒತ್ತುವ ಅಭ್ಯಾಸವಿದೆಯಾ? ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹಾಗೆ ಹಿಡಿಯುತ್ತಿದ್ದರು. ನಿಮ್ಮದೂ ಅದೇ ಹಿಡಿತವಾದರೆ ಮೆತ್ತನೆಯ ವಿ ಆಕಾರವನ್ನೂ ನೋಡಿ. ಇನ್ನೊಬ್ಬ ವಾದಕ ಎರಿಕ್ ಕ್ಲಾಪ್ಟನ್ ಹೆಸರಿನಲ್ಲಿ ಫೆಂಡರ್ ಮಾಡುವ ಸ್ಟ್ರಾಟೋಕಾಸ್ಟರ್‌ನಲ್ಲಿ ಇರುವುದು ಅದೇ. ಏಣು ಅಂಗೈಯ ಮಡಿಕೆಯಲ್ಲಿ ಕೂರುತ್ತದೆ. ಆದರೆ ಹೆಬ್ಬೆರಳನ್ನು ಬೆನ್ನ ಮಧ್ಯಕ್ಕೆ ಇಡುವವರಿಗೆ ಆ ಏಣೇ ಒತ್ತುತ್ತದೆ.

ಇನ್ನು ಎ ಕಾರ್ಡ್. ಗಿಟಾರಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ ಇದೆಯಲ್ಲ, ನಟ್, ಅದರ ಅಗಲ ಹೆಚ್ಚಿನ ಎಲೆಕ್ಟ್ರಿಕ್‌ಗಳಲ್ಲಿ 42 ಅಥವಾ 43 ಮಿ.ಮೀ. 43ರ ನಟ್ಟಿನಲ್ಲಿ ಎರಡೂ ಅಂಚಿಗೆ ಮೂರೂವರೆ ಬಿಟ್ಟರೆ ಹೊರಗಿನ ಎರಡು ತಂತಿಗಳ ನಡುವೆ ಉಳಿಯುವುದು 36. ಅದರಲ್ಲಿ ಐದು ಸಂದು. ಒಂದೊಂದು 7.2. ನಿಮ್ಮ ಬೆರಳ ತುದಿ ಒತ್ತಿದಾಗ 16 ಮಿ.ಮೀ. ಅಗಲವಾಗುತ್ತದೆ ಅಂತಿಟ್ಟುಕೊಳ್ಳಿ. ಮೂರು ಬೆರಳು ಸಾಲಾಗಿ ಯಾವ ನೆಕ್ಕಿನಲ್ಲೂ ಕೂರುವುದಿಲ್ಲ!

ಆದ್ದರಿಂದ ಮೊದಲು ಬೆರಳು ಬದಲಿಸಿ. ಎ ಕಾರ್ಡಿನ ಮೂರು ಸ್ವರವನ್ನೂ ತೋರುಬೆರಳೊಂದರಲ್ಲೇ ಅಡ್ಡ ಒತ್ತಿ. ಕೊನೆಯ ಗೆಣ್ಣು ತುಸು ಹಿಂದಕ್ಕೆ ಬಾಗಿದರೆ ಸಣ್ಣ ತಂತಿಯೂ ನುಡಿಯುತ್ತದೆ. ಬಾಗದಿದ್ದರೆ ಆ ತಂತಿ ಬಿಟ್ಟುಬಿಡಿ, ಕಾರ್ಡಿಗೇನೂ ಕೊರತೆಯಿಲ್ಲ.

ಆಮೇಲೆ ನಟ್. ಹೊಸ ಗಿಟಾರ್ ಕೊಳ್ಳುವ ಮೊದಲು ಒಳ್ಳೆಯ ರಿಪೇರಿಯವರ ಹತ್ತಿರ ಹೊಸ ಮೂಳೆಯ ನಟ್ ಹಾಕಿಸಿ. ಅಂಚಿಗೆ ಎರಡೂವರೆ ಮಿ.ಮೀ. ಮಾತ್ರ ಬಿಡಲು ಹೇಳಿ. ಆಗ 43ರ ನೆಕ್ಕಿನಲ್ಲೇ ತಂತಿಗಳಿಗೆ 38 ಸಿಗುತ್ತದೆ, ಸಂದು 7.6 ಆಗುತ್ತದೆ. 45ರ ಅಗಲ ನೆಕ್ ಕೊಡುವುದೂ ಅಷ್ಟೇ ಅಲ್ವಾ? ಎರಡೂವರೆಗಿಂತ ಕಡಿಮೆ ಬಿಡಬೇಡಿ. ಸಣ್ಣ ತಂತಿಯನ್ನು ಎಳೆದು ಬಿಟ್ಟಾಗ ಫ್ರೆಟ್‌ಬೋರ್ಡಿನ ಅಂಚಿನಿಂದ ಕೆಳಗೆ ಜಾರಿಬಿಡುತ್ತದೆ. ಇದರ ಮೇಲೂ ಸಾಲದಿದ್ದರೆ ಆಗ ಅಗಲ ನೆಕ್ಕಿನ ಮಾತು. ಬಿಡಿ ನೆಕ್ ಮಾಡುವ ವಾರ್ಮತ್ 47.6 ಮಿ.ಮೀ. ನಟ್ಟಿನದನ್ನೂ ಮಾಡುತ್ತದೆ.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ಮೊದಲ ಫ್ರೆಟ್ಟಿನಲ್ಲಿ ಎಫ್ ಬಾರ್ ಕಾರ್ಡ್ (ತೋರುಬೆರಳನ್ನು ಆರೂ ತಂತಿಗೆ ಅಡ್ಡ ಒತ್ತುವ ಕಾರ್ಡ್) ಹಿಡಿಯಿರಿ. ನುಡಿಸಿ. ಈಗ ಹೆಬ್ಬೆರಳನ್ನು ಪೂರ್ತಿ ತೆಗೆದು, ತೋಳಿನ ಭಾರದಲ್ಲೇ ಬೆರಳುಗಳನ್ನು ಹಿಂದಕ್ಕೆ ಎಳೆದು ಹಿಡಿಯಿರಿ. ಗಿಟಾರಿನ ಮೈಯನ್ನು ಬಲಗೈ ಮುಂಗೈಯಿಂದ ಹೊಟ್ಟೆಗೆ ಒತ್ತಿಕೊಂಡಿರಿ. ಆರೂ ತಂತಿ ಇನ್ನೂ ನುಡಿಯುತ್ತವೆಯಾ? ಹಾಗಿದ್ದರೆ ಹೆಬ್ಬೆರಳು ಇಷ್ಟು ದಿನ ಸುಮ್ನೆ ದುಡಿಯುತ್ತಿತ್ತು. ಅದನ್ನು ಮತ್ತೆ ಮೆಲ್ಲಗೆ ತಂದು ಬೆನ್ನಿಗೆ ತಾಗಿಸಿ. ಒತ್ತದೆ, ಹುಡುಕದೆ ಅದು ಎಲ್ಲಿ ಕೂತಿತೋ ಅಲ್ಲಿ ಮರ ಇದ್ದರೆ ಆ ನೆಕ್ ನಿಮ್ಮದು. ಕೈ ಇನ್ನೂ ಒಳಗೆ ಮಡಚಬೇಕು ಅನ್ನಿಸಿದರೆ ತೆಳುವಾಯಿತು. ಇಪ್ಪತ್ತು ನಿಮಿಷವಾದರೂ ನುಡಿಸಿ ನೋಡಿ, ಐದು ನಿಮಿಷಕ್ಕೆ ಎಲ್ಲಾ ನೆಕ್ಕೂ ಚೆನ್ನಾಗಿಯೇ ಇರುತ್ತದೆ. ಗಿಟಾರ್ ಕೆಳಗಿಟ್ಟ ಮೇಲೂ ಹೆಬ್ಬೆರಳು ನೋಯುತ್ತಲೇ ಇದ್ದರೆ ನನ್ನನ್ನಲ್ಲ, ಡಾಕ್ಟರನ್ನು ಕೇಳಿ.

ಪ್ರಶ್ನೆ: 60ರ ದಶಕದ ಫೆಂಡರ್ ನೆಕ್ ಒಂದು ಕೈಗೆ ಬಂದಿದೆ. ಬಿಚ್ಚಿ ನೋಡಿದರೆ ಹಿಮ್ಮಡಿಯಲ್ಲಿ, ಅಂದರೆ ಗಿಟಾರಿನ ಮೈಗೆ ಸೇರುವ ತುದಿಯಲ್ಲಿ, ಬಿ ಅಂತ ಮುದ್ರೆ ಇದೆ. ಸಿ, ಡಿ ಆಕಾರ ಕೇಳಿದ್ದೇನೆ, ಈ ಬಿ ಆಕಾರ ಯಾವುದು?

ಉತ್ತರ: ಅದು ಆಕಾರವೇ ಅಲ್ಲ, ನಟ್ಟಿನ ಅಗಲ. ಆಗ ಫೆಂಡರ್ ಅಗಲಕ್ಕೆ ಎ, ಬಿ, ಸಿ, ಡಿ ಅಂತ ಅಕ್ಷರ ಒತ್ತುತ್ತಿತ್ತು. ಎ ಅಂದರೆ ಒಂದೂವರೆ ಇಂಚು, ಅಂದಾಜು 38 ಮಿ.ಮೀ. ಬಿ 41.3, ಸಿ 44.5, ಡಿ 47.6. ಬಿ ಅನ್ನುವುದು ಮಾಮೂಲಿ ಅಗಲ. ನಿಮ್ಮ ಕೈಯೂ ದೊಡ್ಡದಾದರೆ ಸಿ ಮುದ್ರೆಯ ನೆಕ್ ಸಿಕ್ಕಿದಾಗ ಬಿಡಬೇಡಿ. ಯಾರಾದರೂ "ಹಳೇ ಸಿ ನೆಕ್" ಅಂತ ಮಾರಲು ಬಂದರೆ ಮಾತ್ರ ಮುದ್ರೆಯ ಸಿ ಯಾ, ಆಕಾರದ ಸಿ ಯಾ ಅಂತ ಕೇಳಿ.

ಪ್ರಶ್ನೆ: ಬೆರಳು ದಪ್ಪ ಇರುವವರು ಉದ್ದ ಸ್ಕೇಲಿನ (ತಂತಿಯ ನುಡಿಯುವ ಭಾಗ ಉದ್ದವಿರುವ) ಗಿಟಾರನ್ನೇ ಕೊಳ್ಳಬೇಕಾ?

ಉತ್ತರ: ಅದಕ್ಕೋಸ್ಕರ ಬೇಡ. 648 ಮಿ.ಮೀ. ಸ್ಕೇಲಿನಲ್ಲಿ ಹದಿನಾಲ್ಕನೇ ಫ್ರೆಟ್ಟಿಗೂ ಹದಿನೈದಕ್ಕೂ ನಡುವೆ 16.2 ಮಿ.ಮೀ. ಜಾಗ. 628ರಲ್ಲಿ 15.7. ಅರ್ಧ ಮಿ.ಮೀ.ಗೆ ಗಿಟಾರ್ ಬದಲಿಸುತ್ತೀರಾ? ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ಬೆರಳಿನವರು ಒಂದು ಬೆರಳು ಎತ್ತಿ ಅದೇ ಜಾಗಕ್ಕೆ ಇನ್ನೊಂದನ್ನು ಇಡುತ್ತಾರೆ. ನಾನೂ ಹಾಗೆಯೇ. ಸ್ಕೇಲನ್ನು ತಂತಿಯ ಬಿಗಿಗೂ ದನಿಗೂ ಆರಿಸಿ.

ಪ್ರಶ್ನೆ: ನನ್ನದು ಉಲ್ಟಾ. ನೆಕ್ ತೀರಾ ದಪ್ಪ. ಮರಳು ಕಾಗದದಲ್ಲಿ ಉಜ್ಜಿ ಸಣ್ಣ ಮಾಡಿಕೊಳ್ಳಬಹುದಾ?

ಉತ್ತರ: ಭುಜವನ್ನು ಉಜ್ಜಬಹುದು, ಬೆನ್ನನ್ನು ಮುಟ್ಟಬೇಡಿ. ಬೆನ್ನ ನಡುವೆ ಮರದೊಳಗೆ ಟ್ರಸ್ ರಾಡ್ ಇರುತ್ತದೆ, ನೆಕ್ಕಿನ ಬಾಗು ಸರಿಮಾಡುವ ಕಬ್ಬಿಣದ ಕಂಬಿ. ಒಂದು ಸಲ ನನ್ನದೇ ಗಿಟಾರನ್ನು ಉಜ್ಜುತ್ತಾ ಕೂತಿದ್ದೆ. ಏಳನೇ ಫ್ರೆಟ್ಟಿನ ಹಿಂದೆ ಬೆರಳಿನಲ್ಲಿ ತಟ್ಟಿದರೆ ಸದ್ದು ಬದಲಾಗಿತ್ತು, ಟೊಳ್ಳು ಡಬ್ಬಿಯ ಹಾಗೆ. ಅಲ್ಲಿಗೇ ನಿಲ್ಲಿಸಿದೆ. ಆ ರಾಡನ್ನು ಬಿಗಿ ಮಾಡಲು ಇವತ್ತಿಗೂ ಹೆದರಿಕೆ, ಸಪೂರ ತಂತಿ ಹಾಕಿಕೊಂಡು ಕಾಲ ತಳ್ಳುತ್ತಿದ್ದೇನೆ. ನಿಮ್ಮದು ಸ್ಕ್ರೂ ಹಾಕಿ ಕೂರಿಸಿದ ನೆಕ್ ಆದರೆ ಬೇರೆ ಬಿಡಿ ನೆಕ್ ತಂದು ಹಾಕಿ, ಇದನ್ನು ಜೋಪಾನವಾಗಿ ಎತ್ತಿಡಿ. ಮೇಲೆ ಪತ್ರ ಬರೆದ ದೊಡ್ಡ ಕೈಯವರಿಗೆ ಮಾರಿದರೂ ಆದೀತು.