ಪೆನ್ಸಿಲ್ವೇನಿಯಾದಲ್ಲಿ ಹಳೇ ಟಿವಿ ಯಾಕೆ ಯಾರೂ ತಗೊಳ್ಳಲ್ಲ?

ಕ್ಯಾಲಿಫೋರ್ನಿಯಾದಲ್ಲಿ ಟಿವಿ ಕೊಳ್ಳುವಾಗಲೇ ಮರುಬಳಕೆ ಶುಲ್ಕ ಕಟ್ಟಿದ್ದಿರಿ, ಪೆನ್ಸಿಲ್ವೇನಿಯಾದಲ್ಲಿ ಶುಲ್ಕವಿಲ್ಲ, ಆದರೂ ಹಳೇ ಟ್ಯೂಬ್ ಟಿವಿ ಯಾರೂ ಮುಟ್ಟುತ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ದುಡ್ಡು ಬರುವ ದಾರಿಯೇ ಬೇರೆ, ಅದಕ್ಕೆ.

ಕ್ಯಾಲಿಫೋರ್ನಿಯಾದಲ್ಲಿ 2005ರಿಂದ ಪರದೆಯಿರುವ ಸಾಧನಗಳ ಮೇಲಿನ ಆ ಶುಲ್ಕ ಸರ್ಕಾರದ ನಿಧಿಗೆ ಹೋಗುತ್ತದೆ. ಮೊದಲು 6ರಿಂದ 10 ಡಾಲರ್ ಇತ್ತು. ಹಳೇ ಸಾಧನ ಸಂಗ್ರಹಿಸಿ ಭಾಗ ಭಾಗವಾಗಿ ಬಿಚ್ಚುವವರಿಗೆ ಅಲ್ಲಿಂದ ತೂಕದ ಲೆಕ್ಕದಲ್ಲಿ ಹಣ ಸಿಗುತ್ತದೆ. ಹಾಗಾಗಿ ಭಾರದ ಟಿವಿಯನ್ನೂ ಖುಷಿಯಿಂದ ತಗೊಳ್ಳುತ್ತಾರೆ.

ಪೆನ್ಸಿಲ್ವೇನಿಯಾದ 2010ರ ಕಾನೂನು ಖರ್ಚನ್ನು ತಯಾರಕರ ಮೇಲೆ ಹಾಕಿತು. ತತ್ವ ಸರಿಯಾಗಿಯೇ ಇದೆ. ಎಡವಿದ್ದು ಗುರಿಯಲ್ಲಿ. ಕಂಪನಿ ಮಾರಿದ ಹೊಸ ಸಾಮಾನಿನ ತೂಕಕ್ಕೆ ತಕ್ಕಷ್ಟು ಹಳೆಯದನ್ನು ಮರುಬಳಕೆ ಮಾಡಿಸಿದರೆ ಸಾಕು. ಹೊಸ ಟಿವಿ ಹಗುರ, ಟ್ಯೂಬ್ ಟಿವಿ ಭಾರ, ಅದರ ಗಾಜಿನಲ್ಲಿ ಸೀಸ ಬೇರೆ. ಗುರಿ ಬೇಗ ಮುಗಿಯುತ್ತದೆ, ಹಣ ನಿಲ್ಲುತ್ತದೆ. ಜನರಿಂದ ಶುಲ್ಕ ವಸೂಲಿಗೂ ಕಾನೂನು ಅಡ್ಡ. ಹಳೇ ಟಿವಿ ಸಂಗ್ರಹಿಸುವ ಕೇಂದ್ರದವರು ಏನು ಮಾಡಬೇಕು, ಹೇಳಿ? ಎಷ್ಟೋ ಕಡೆ ಬಾಗಿಲು ಹಾಕಿದರು.

2013ರಿಂದ ಕಸಕ್ಕೂ ಹಾಕುವಂತಿಲ್ಲ. ದಯವಿಟ್ಟು ರಸ್ತೆ ಬದಿ ಬಿಡಬೇಡಿ. ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಸಂಗ್ರಹ ದಿನ ಯಾವಾಗ ಅಂತ ಫೋನ್ ಮಾಡಿ. ಟ್ಯೂಬ್ ಟಿವಿ ತಗೊಳ್ತಾರಾ ಅಂತ ಮೊದಲೇ ಕೇಳಿ.